ಚಂದ್ರನ ಮುಂದೆ ಐಎಸ್‌ಎಸ್: ನಾಲ್ಕನೇ ಸಲಕ್ಕೆ ಸಿಕ್ಕಿತು

ಅಂತರರಾಷ್ಟ್ರೀಯ ಬಾಹ್ಯಾಕಾಶ ನಿಲ್ದಾಣ (ಐಎಸ್‌ಎಸ್) ಚಂದ್ರನ ಮುಂದೆ ಹಾದುಹೋಗುವ ವಿಡಿಯೋ ಅಂತೂ ಸಿಕ್ಕಿತು. ಸೆಕೆಂಡಿಗೆ 60 ಫ್ರೇಮ್ ವೇಗದಲ್ಲಿ 26-27 ಫ್ರೇಮ್, ಅಂದರೆ ಅರ್ಧ ಸೆಕೆಂಡೂ ಇಲ್ಲ. ಎರಡೂ ಬದಿಯ ಸೌರಫಲಕದ ರೆಕ್ಕೆ ಎಣಿಸುವಷ್ಟು ಸ್ಪಷ್ಟ. ಆನ್‌ಲೈನ್ ಲೆಕ್ಕ ಕೊಡುವ ಜಾಗ, ಟೈಮ್ ನಂಬಿ ತುಮಕೂರಿನಿಂದ ಗುಬ್ಬಿ ಕಡೆಗೆ ಓಡೋದು ಹುಚ್ಚು ಎಂದವರೇ ಈಗ ಫೋಟೋ ಕೇಳುತ್ತಿದ್ದಾರೆ.

ಮೊದಲ ಸಲ ನಾಲ್ಕು ದಿನ ಮುಂಚೆ ತೆಗೆದಿಟ್ಟ ಲೆಕ್ಕ ಹಿಡಿದು ಹೋದೆ. ಭಾವನ ಓಮ್ನಿಯಲ್ಲಿ ಆರಿಂಚಿನ ಡಾಬ್ (ಡಾಬ್ಸೋನಿಯನ್ ದೂರದರ್ಶಕ), ರಾಗಿ ಹೊಲದ ಬದಿ, ಸೊಳ್ಳೆ. ಏನೂ ಬರಲಿಲ್ಲ. ಮನೆಗೆ ಬಂದು ಹೊಸ ಟಿಎಲ್‌ಇ (ನಿಲ್ದಾಣದ ಕಕ್ಷೆಯ ಅಂಕಿಗಳು) ಹಾಕಿ ನೋಡಿದರೆ, ಈ ದೃಶ್ಯ ಕಾಣುವ ನೆಲದ ಪಟ್ಟಿಯ ನಡುಗೆರೆ ಐದಾರು ಕಿಮೀ ಆಚೆ! ನಡುವೆ ನಿಲ್ದಾಣವನ್ನು ಎಂಜಿನ್ ಉರಿಸಿ ಮೇಲಕ್ಕೆ ಎತ್ತಿದ್ದರು. ಮೇಲೇರಿದರೆ ಒಂದು ಸುತ್ತಿಗೆ ಹೆಚ್ಚು ಹೊತ್ತು ಬೇಕು. ನಿಲ್ದಾಣ ಹತ್ತು ಸೆಕೆಂಡ್ ತಡವಾದರೆ ಕೆಳಗೆ ಭೂಮಿ ತಿರುಗಿರುತ್ತದೆ, ಗೆರೆ ಮೂರ್ನಾಲ್ಕು ಕಿಮೀ ಸರಿಯುತ್ತದೆ. ಪಟ್ಟಿಯ ಅಗಲವೇ ಸುಮಾರು ನಾಲ್ಕು ಕಿಮೀ. ಬರಿಗಣ್ಣಿಗೆ ನೋಡುವವರಿಗೆ ಈ ತಲೆನೋವಿಲ್ಲ ಬಿಡಿ.

ಎರಡನೇ ಸಲ ಮೋಡ.

ಮೂರನೇ ಸಲದ್ದು ಹೇಳೋಕೇ ನಾಚಿಕೆ. ಜಾಗ ಸರಿ, ಲೆಕ್ಕ ಸರಿ. ಕ್ಯಾಮೆರಾದ ಗಡಿಯಾರ ಹನ್ನೊಂದು ಸೆಕೆಂಡ್ ಮುಂದಿತ್ತು, ನಾನು ಅದನ್ನೇ ನಂಬಿ ರೆಕಾರ್ಡಿಂಗ್ ನಿಲ್ಲಿಸಿದೆ. ತಲೆ ಎತ್ತಿದರೆ ನಿಲ್ದಾಣ ಚಂದ್ರನನ್ನು ದಾಟಿ ಆರಾಮಾಗಿ ಹೋಗ್ತಾ ಇದೆ. "ಬಸ್ ತಪ್ಪಿತಲ್ಲ" ಅಂದರು ಭಾವ.

ಖರ್ಚು: ಸೆಕೆಂಡ್ ಹ್ಯಾಂಡ್ ಡಾಬ್ 16 ಸಾವಿರ, ಕ್ಯಾಮೆರಾ ಜೋಡಿಸುವ ಟಿ-ರಿಂಗ್ 900 ಇರಬೇಕು, ಪೆಟ್ರೋಲ್ 1,800ರ ಹತ್ತಿರ. ಪೆಟ್ರೋಲ್ ಲೆಕ್ಕ ಮನೆಯಲ್ಲಿ ಹೇಳಿಲ್ಲ.

ನಾಲ್ಕನೇ ಸಲ ಊರಿನ ಹೆಸರು ಬಿಟ್ಟು ಲೆಕ್ಕಕ್ಕೆ ಹೊಲದ ಜಿಪಿಎಸ್ ಅಂಕಿಯನ್ನೇ ಕೊಟ್ಟೆ. ಬೆಳಿಗ್ಗೆ ಒಮ್ಮೆ, ಹೊರಡುವ ಮೂರು ಗಂಟೆ ಮುಂಚೆ ಇನ್ನೊಮ್ಮೆ ಹೊಸ ಟಿಎಲ್‌ಇ. ಎರಡರ ನಡುವೆ ಒಂದು ಸೆಕೆಂಡೂ ವ್ಯತ್ಯಾಸ ಬರಲಿಲ್ಲ. ಜಿಪಿಎಸ್ ಟೈಮ್ ಆ್ಯಪ್‌ನ ಬೀಪ್ ವಿಡಿಯೋದಲ್ಲೇ ದಾಖಲಾಗುವಂತೆ ಫೋನನ್ನು ಮೈಕಿನ ಪಕ್ಕ ಇಟ್ಟೆ. ಹಿಂದೆ ಮುಂದೆ ಅರ್ಧರ್ಧ ನಿಮಿಷ ರೆಕಾರ್ಡಿಂಗ್ ಸುಮ್ನೆ ಓಡಿಸಿದೆ. ಲೆಕ್ಕಕ್ಕೂ ಬೀಪಿಗೂ ಮುಕ್ಕಾಲು ಸೆಕೆಂಡಿನಷ್ಟೇ ಅಂತರ. ಆಕಾಶದ ಜೊತೆ ತಿರುಗಿಸುವ ಮೋಟಾರ್ ಇಲ್ಲದ ಡಾಬ್‌ನಲ್ಲಿ ಚಂದ್ರನನ್ನು ಅಷ್ಟು ಹೊತ್ತು ಹೇಗೆ ಹಿಡಿದಿಟ್ಟೆ ಅನ್ನೋದು ಸದ್ಯಕ್ಕೆ ನನ್ನ ಹತ್ತಿರವೇ ಇರಲಿ.

ಇದರ ನಡುವೆ ಹೊಸದಾಗಿ ಹಾರಿದ ಸ್ಟಾರ್‌ಲಿಂಕ್ ಇಂಟರ್ನೆಟ್ ಉಪಗ್ರಹಗಳ ಸಾಲನ್ನೂ ತಾಳೆ ನೋಡಿದೆ. ಒಂದು ಸಂಜೆ ಎರಡು ನಿಮಿಷ ಬೇಗ ಬಂತು, ಮಾರನೇ ದಿನ ಬರಲೇ ಇಲ್ಲ. ಅವು ಆಗಾಗ ಎತ್ತರ ಬದಲಿಸಿಕೊಳ್ಳುತ್ತಿರುತ್ತವೆ, ನಿನ್ನೆಯ ಅಂಕಿ ಇವತ್ತಿಗೆ ಹಳಸಲು.

ವಿಡಿಯೋ ನೋಡಿದ ಭಾವ, "ಸೊಳ್ಳೆ ಅಲ್ವಾ ಅದು?" ಅಂದರು. ಫ್ರೇಮ್ ಫ್ರೇಮಾಗಿ ತೋರಿಸಿದೆ. ಈಗ ಸೂರ್ಯನ ಮುಂದೆ ಯಾವಾಗ ಹೋಗುತ್ತೆ ಅಂತ ಅವರೇ ಕೇಳ್ತಾರೆ. ಸೋಲಾರ್ ಫಿಲ್ಟರ್ ದುಡ್ಡು ಅವರದ್ದೇ ಅಂದಿದ್ದೀನಿ.