ಡಬಲ್ ಕೀಯಿಂಗ್ ಬಿಟ್ಟು ಓಸಿಆರ್‌ಗೆ: ಕಲಬುರಗಿ ಯುನಿಟ್‌ನಲ್ಲಿ ಮಾಡಿದ್ದು ಹೀಗೆ

ಡಾಟಾ ಎಂಟ್ರಿ ಆಪರೇಟರ್‌ಗಳು ಎಕ್ಸೆಪ್ಷನ್ (ಮಷೀನ್ ಓದಿದ್ದರಲ್ಲಿ ಅನುಮಾನ ಇರುವ ಬಿಲ್) ನೋಡುವ ಕೆಲಸಕ್ಕೆ ಬರೋದಿಲ್ಲ, ಅದಕ್ಕೆ ಬೆಂಗಳೂರಿನಿಂದಲೇ ಜನ ಕಳಿಸಬೇಕು. ಗಿರಾಕಿ ಕಂಪನಿಯವರೂ ನಮ್ಮದೇ ಹೆಡ್ ಆಫೀಸಿನವರೂ ಈ ಮಾತಿಗೆ ಜೋತುಬಿದ್ದಿದ್ದರು. ಈಗ ಕಲಬುರಗಿ ರಿಂಗ್ ರೋಡಿನ ಈ ಅರವತ್ತು ಚಿಲ್ಲರೆ ಸೀಟಿನ ಯುನಿಟ್‌ನಲ್ಲಿ ಆರೋಗ್ಯ ವಿಮೆಯ ಕ್ಲೇಮ್ ಬಿಲ್‌ಗಳು ಹೆಚ್ಚುಕಮ್ಮಿ ಎಲ್ಲವೂ ಓಸಿಆರ್ (ಸ್ಕ್ಯಾನ್ ಮಾಡಿದ ಚಿತ್ರದಿಂದ ಅಕ್ಷರ ಓದುವ ಸಾಫ್ಟ್‌ವೇರ್) ಮೇಲೆ ಓಡುತ್ತಿವೆ. ಹೊರಗಿನಿಂದ ಯಾರನ್ನೂ ತರಲಿಲ್ಲ, ಇದ್ದವರಲ್ಲಿ ಯಾರನ್ನೂ ತೆಗೆಯಲಿಲ್ಲ.

ಹಳೇ ಪದ್ಧತಿ, ಡಬಲ್ ಕೀಯಿಂಗ್, ಎಲ್ಲರಿಗೂ ಗೊತ್ತಿದ್ದದ್ದೇ: ಒಂದೇ ಬಿಲ್ಲನ್ನು ಇಬ್ಬರು ಟೈಪ್ ಮಾಡೋದು, ತಾಳೆಯಾಗದ್ದನ್ನು ಮೂರನೆಯವರು ಬಗೆಹರಿಸೋದು. ಕ್ಲೇಮ್ ಒಂದಕ್ಕೆ ಹದಿನಾಲ್ಕು ರೂಪಾಯಿ ಆಸುಪಾಸು ಸಿಗುತ್ತಿತ್ತು. ಕಾಂಟ್ರಾಕ್ಟ್ ನವೀಕರಣದ ಹೊತ್ತಿಗೆ ಗಿರಾಕಿ ಒಂಬತ್ತಕ್ಕೆ ಬಂದು ನಿಂತರು. ಒಂಬತ್ತಕ್ಕೆ ಎರಡು ಕೈ ಟೈಪಿಂಗ್ ಯಾವ ಲೆಕ್ಕದಲ್ಲೂ ಗಿಟ್ಟೋದಿಲ್ಲ.

ಮೊದಲು ಕೈ ಹಾಕಿದ್ದು ಸಂಬಳದ ಚೀಟಿಗೆ. ಸಾಫ್ಟ್‌ವೇರ್ ಆಮೇಲೆ ಬಂತು. ಆಪರೇಟರ್‌ಗಳ ಇನ್ಸೆಂಟಿವ್ ಕೀಸ್ಟ್ರೋಕ್ (ಎಷ್ಟು ಸಲ ಕೀ ಒತ್ತಿದರು) ಮೇಲಿತ್ತು. ಗಂಟೆಗೆ ಎಂಟು–ಒಂಬತ್ತು ಸಾವಿರ ಹೊಡೆಯುವವರಿಗೆ ತಿಂಗಳಿಗೆ ಮೂರೂವರೆ ಸಾವಿರದಷ್ಟು ಕೈಗೆ ಬರುತ್ತಿತ್ತು. ಓಸಿಆರ್ ಬಂದ ದಿನ ಕೀಸ್ಟ್ರೋಕ್ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. "ಸರ್, ಟೈಪ್ ಮಾಡೂದ ಇಲ್ಲಂದ್ರ ನಮ್ ಇನ್ಸೆಂಟಿವ್ ಹ್ಯಾಂಗ್ರಿ?" ಎಂಬ ಪ್ರಶ್ನೆ ಡೆಮೊ ಮುಗಿಯೋದರೊಳಗೇ ಬಂತು. ಉತ್ತರ ಬಾಯಿಮಾತಲ್ಲಿ ಕೊಟ್ಟರೆ ಪ್ರಯೋಜನವಿಲ್ಲ. ಹಿಂದಿನ ಆರು ತಿಂಗಳ ಸರಾಸರಿ ಇನ್ಸೆಂಟಿವನ್ನು ಮುಂದಿನ ನಾಲ್ಕು ತಿಂಗಳು ಕೆಲಸ ಎಷ್ಟೇ ಆಗಲಿ ಕೊಡುತ್ತೇವೆ ಅಂತ ಒಬ್ಬೊಬ್ಬರಿಗೂ ಸಹಿ ಹಾಕಿದ ಪತ್ರ ಹೋಯಿತು. ಐವತ್ತು ಜನ, ಒಟ್ಟು ಏಳು ಲಕ್ಷದ ಹತ್ತಿರ. ಫೈನಾನ್ಸಿನವರು ಹೌಹಾರಿದರು. ಆದರೆ ಈ ದುಡ್ಡು ಮೊದಲೂ ಹೋಗುತ್ತಲೇ ಇತ್ತು. ಬಜೆಟ್ ಹಾಳೆಯಲ್ಲಿ ಮೊದಲ ತಿಂಗಳಿಂದಲೇ ಉಳಿತಾಯ ಅಂತ ಬರೆದಿದ್ದಷ್ಟೇ ತೊಂದರೆ.

ಓಸಿಆರ್ ಕೈಕೊಡೋದು ಸಣ್ಣ ಜಾಗಗಳಲ್ಲಿ. ನಮ್ಮ ಬಿಲ್‌ಗಳಲ್ಲಿ ₹ ಚಿಹ್ನೆಯನ್ನು ಅದು ಎಷ್ಟೋ ಸಲ 7 ಅಂತಲೋ 2 ಅಂತಲೋ ಓದುತ್ತದೆ. 450 ಮುಂದಿನ ಓರೆಗೆರೆಯನ್ನು ಒಂದು ಅಂತ ಓದಿ 4501 ಮಾಡುತ್ತದೆ. ಅದನ್ನೂ ಶೇ 98 ಭರವಸೆಯಿಂದ ಹೇಳುತ್ತದೆ, ಹಾಗಾಗಿ ಎಕ್ಸೆಪ್ಷನ್ ಸಾಲಿಗೇ ಬರೋದಿಲ್ಲ. ಎಲ್ಲ ಫೀಲ್ಡ್‌ಗೂ ಒಂದೇ ಥ್ರೆಶೋಲ್ಡ್ (ಭರವಸೆ ಇದಕ್ಕಿಂತ ಕಡಿಮೆ ಇದ್ದರೆ ಮನುಷ್ಯರು ನೋಡಬೇಕು ಎಂಬ ಮಿತಿ) ಇಡುವುದು ಕೆಲಸಕ್ಕೆ ಬಾರದ ಮಾತು. 90 ಇಟ್ಟಾಗ ಎಕ್ಸೆಪ್ಷನ್ ಶೇ 15ರಷ್ಟು, ಆದರೆ ಇಂಥ ತಪ್ಪುಗಳೆಲ್ಲ ಸಲೀಸಾಗಿ ದಾಟಿದವು. 97ಕ್ಕೆ ಏರಿಸಿದರೆ ಅರ್ಧಕ್ಕರ್ಧ ಫೀಲ್ಡ್ ಮನುಷ್ಯರ ಕಣ್ಣಿಗೇ ವಾಪಸ್. ಕೊನೆಗೆ ನಿಂತದ್ದು ಹೀಗೆ: ಮೊತ್ತ, ಪಾಲಿಸಿ ನಂಬರ್, ದಿನಾಂಕಕ್ಕೆ 98, ಆಸ್ಪತ್ರೆ ಹೆಸರು–ವಿಳಾಸಕ್ಕೆ 85, ಜೊತೆಗೆ ಆಸ್ಪತ್ರೆಗಳ ಮಾಸ್ಟರ್ ಪಟ್ಟಿಯೊಂದಿಗೆ ತಾಳೆ. ಸಾಲು ಸಾಲಿನ ಮೊತ್ತ ಕೂಡಿ ಒಟ್ಟು ಮೊತ್ತಕ್ಕೆ ಸರಿಹೋಗದಿದ್ದರೆ ಭರವಸೆ ಎಷ್ಟೇ ಇರಲಿ, ಬಿಲ್ ಎಕ್ಸೆಪ್ಷನ್‌ಗೆ. ಈ ಒಂದು ಕೂಡುವ ಲೆಕ್ಕ ಉಳಿಸಿಕೊಟ್ಟಷ್ಟು ತಪ್ಪಿನ ದಂಡವನ್ನು ದುಬಾರಿ ಲೈಸೆನ್ಸ್ ಉಳಿಸಿಲ್ಲ.

ಇನ್ನು ಇನ್ಸೆಂಟಿವನ್ನು ನೋಡಿದ ಫೀಲ್ಡಿನ ಲೆಕ್ಕಕ್ಕೆ ಕಟ್ಟಿದರೆ ಒಂದೇ ವಾರದಲ್ಲಿ ಎಲ್ಲರೂ ಎಂಟರ್, ಎಂಟರ್ ಒತ್ತಲು ಶುರು ಮಾಡುತ್ತಾರೆ. ಸೋಮಾರಿತನ ಅಲ್ಲ ಅದು. ನೂರಕ್ಕೆ ತೊಂಬತ್ತು ಸಲ ಮಷೀನ್ ಸರಿ ಇದ್ದರೆ ಕಣ್ಣು ತಾನಾಗಿ ನಂಬುತ್ತದೆ. ಅದಕ್ಕೇ ನೂರರಲ್ಲಿ ಎರಡು ಬಿಲ್‌ಗೆ ಬೇಕೆಂದೇ ತಪ್ಪು ಬಿತ್ತುತ್ತೇವೆ; ಬಿತ್ತಿದ್ದರಲ್ಲಿ ಹತ್ತಕ್ಕೆ ಒಂಬತ್ತು ಹಿಡಿಯದವರಿಗೆ ಆ ವಾರದ ಇನ್ಸೆಂಟಿವ್ ಇಲ್ಲ. ತಪ್ಪನ್ನು ಯಾವ ಫೀಲ್ಡಿನಲ್ಲಿ, ಯಾವ ಹೊತ್ತಿಗೆ ಬಿತ್ತುತ್ತೇವೆ ಅನ್ನೋದು ಇಲ್ಲಿ ಬೇಡ, ನಮ್ಮ ಹುಡುಗರೂ ಓದುತ್ತಾರೆ.

ಬದಲಾವಣೆಗೆ ಅಡ್ಡ ಬಂದವರು ಆಪರೇಟರ್‌ಗಳಲ್ಲ, ಟೀಮ್ ಲೀಡ್‌ಗಳು. ಅವರ ಕೈಯಲ್ಲಿದ್ದ ಅಧಿಕಾರ ಅಂದರೆ ಬಂಡಲ್ ಹಂಚುವುದು: ದೊಡ್ಡ ಆಸ್ಪತ್ರೆಯ ಪ್ರಿಂಟ್ ಬಿಲ್ ಯಾರಿಗೆ, ತಾಲೂಕು ನರ್ಸಿಂಗ್ ಹೋಮಿನ ಕೈಬರಹ ಯಾರಿಗೆ. ಸಾಫ್ಟ್‌ವೇರಿನ ಕ್ಯೂ ತಾನೇ ಬಿಲ್ ಹಂಚತೊಡಗಿದ ಮೇಲೆ ಆ ಅಧಿಕಾರ ಹೋಯಿತು. ಯಾರೂ ಎದುರು ಮಾತಾಡಲಿಲ್ಲ. "ಸಿಸ್ಟಮ್ ಹ್ಯಾಂಗ್ ಆಗ್ಯದ್ರಿ" ಎಂಬ ದೂರಿನ ಟಿಕೆಟ್‌ಗಳು ಬಂದವು. ಟಿಕೆಟ್‌ಗಳನ್ನು ಲೀಡ್‌ವಾರು ಬಿಡಿಸಿದರೆ ಆರು ಟೀಮಿನಲ್ಲಿ ಎರಡರದ್ದೇ ಮುಕ್ಕಾಲು ಪಾಲು. ಸರ್ವರ್ ಒಂದೇ, ನೆಟ್‌ವರ್ಕ್ ಒಂದೇ. ಬುದ್ಧಿ ಹೇಳಲು ಹೋಗಲಿಲ್ಲ, ಬೇರೆ ಅಧಿಕಾರ ಕೊಟ್ಟೆವು: ಒಬ್ಬೊಬ್ಬ ಲೀಡ್‌ಗೂ ಒಂದೊಂದು ಬಗೆಯ ಆಸ್ಪತ್ರೆ ಬಿಲ್, ಅದರ ತಾಳೆ ನಿಯಮ ಬದಲಿಸುವ ಹಕ್ಕು ಅವರದೇ, ಬರೆದುಕೊಟ್ಟ ನಿಯಮ ಗುರುವಾರ ಲೈವ್. ಕೂಡುವ ಲೆಕ್ಕದ ನಿಯಮ ಬಂದದ್ದೂ ಆ ಇಬ್ಬರಲ್ಲಿ ಒಬ್ಬರಿಂದ.

ಬಡ್ತಿಯಲ್ಲೂ ಒಂದು ಗಂಟು ಸಿಕ್ಕಿತು. ಇಬ್ಬರು ಸೀನಿಯರ್ ಆಪರೇಟರ್‌ಗಳಿಗೆ ಕ್ಯೂ ಲೀಡ್ ಹುದ್ದೆ, ಹತ್ತೊಂಬತ್ತು ಚಿಲ್ಲರೆಯಿಂದ ಇಪ್ಪತ್ತೆರಡು ಸಾವಿರಕ್ಕೆ ಏರಿಕೆ ಅಂದರೆ ಬೇಡ ಅಂದರು. ಕಾರಣ ಇಎಸ್‌ಐ ಮಿತಿ: ಕಡಿಮೆ ಸಂಬಳದ ನೌಕರರ ಈ ಸರ್ಕಾರಿ ಆರೋಗ್ಯ ವಿಮೆ ತಿಂಗಳಿಗೆ 21,000 ಸಂಬಳದವರೆಗೆ ಮಾತ್ರ. ದಾಟಿದರೆ ಸೇಡಂ ರಸ್ತೆಯ ಇಎಸ್‌ಐಸಿ ಆಸ್ಪತ್ರೆಯಲ್ಲಿ ಅಪ್ಪ–ಅಮ್ಮನ ಚಿಕಿತ್ಸೆ ಕೈತಪ್ಪುತ್ತದೆ. ಎರಡು ಸಾವಿರಕ್ಕೆ ಅದನ್ನು ಯಾರು ಬಿಡುತ್ತಾರೆ? ವಂತಿಗೆ ಅವಧಿ ಏಪ್ರಿಲ್‌ನಿಂದ ಸೆಪ್ಟೆಂಬರ್, ಅಕ್ಟೋಬರ್‌ನಿಂದ ಮಾರ್ಚ್. ಅವಧಿಯ ನಡುವೆ ಸಂಬಳ ಮಿತಿ ದಾಟಿದರೆ ಆ ಅವಧಿ ಮುಗಿಯುವವರೆಗೂ ವಂತಿಗೆ ಕಟ್ಟುತ್ತಿರಬೇಕು, ರಕ್ಷಣೆಯೂ ಇರುತ್ತದೆ. ಹಾಗಾಗಿ ಬಡ್ತಿಯನ್ನು ಮೇ ತಿಂಗಳಿಂದ ಕೊಟ್ಟು, ಸೆಪ್ಟೆಂಬರ್ ಕೊನೆಯೊಳಗೆ ತಂದೆ–ತಾಯಿ ಸೇರಿದ, ಹಳೇ ಕಾಯಿಲೆಗೂ ಕಾಯುವ ಅವಧಿ ಇಲ್ಲದ ಗುಂಪು ವಿಮೆ ಮಾಡಿಸಿದೆವು. ಒಂದು ಕುಟುಂಬಕ್ಕೆ ವರ್ಷಕ್ಕೆ ಹದಿನೆಂಟು ಸಾವಿರದಷ್ಟಾಯಿತು. ಬೆಂಗಳೂರಿನ ಎಚ್‌ಆರ್‌ಗೆ ಇದು ಹೊಳೆಯುವ ವಿಷಯವೇ ಅಲ್ಲ.

ಲೈವ್ ಹೋಗುವ ತಾರೀಕು ಗುತ್ತಿಗೆ ಪತ್ರ ನೋಡಿ ಇಡುವಂಥದ್ದಲ್ಲ. ಡಿಸೆಂಬರ್–ಜನವರಿಯಲ್ಲಿ ತೊಗರಿ ರಾಶಿ, ಹೋಳಿಯ ನಂತರ ಶರಣಬಸವೇಶ್ವರ ಜಾತ್ರೆ. ಎರಡರಲ್ಲೂ ಹಾಜರಿ ಬೀಳುತ್ತದೆ. ಮೇ ತಿಂಗಳ 42–43 ಡಿಗ್ರಿಯಲ್ಲಿ ಎಸಿ ಲೋಡಿಗೆ ಯುಪಿಎಸ್ ಸಾಕಾಗೋದಿಲ್ಲ. ಕಲ್ಯಾಣ ಕರ್ನಾಟಕದವರಿಗೆ ಮೀಸಲಾದ 371ಜೆ ಕೋಟಾದ ಸರ್ಕಾರಿ ಕೆಲಸಗಳಿಗೆ, ಪಿಡಿಒ, ಎಫ್‌ಡಿಎ ಅಧಿಸೂಚನೆ ಬಿತ್ತೆಂದರೆ ಸಾಲು ಸಾಲು ರಜೆ ಅರ್ಜಿ. ಉಳಿದದ್ದು ಜುಲೈ–ಆಗಸ್ಟ್, ಅದರಲ್ಲೂ ಪಂಚಮಿ ವಾರ ಬಿಟ್ಟು. ಮೂರು–ನಾಲ್ಕು ವಾರ ಹಳೇ ಟೈಪಿಂಗ್, ಹೊಸ ಕ್ಯೂ ಎರಡೂ ಜೊತೆಗೇ ಓಡಿದವು. ಓವರ್‌ಟೈಮ್ ಖರ್ಚಾಯಿತು, ಮಾಡದೆ ವಿಧಿಯಿಲ್ಲ.

ನಡುವೆ ಒಂದು ಪ್ರಯೋಗ: ಒಬ್ಬರು ಬಿಲ್ ಜೋರಾಗಿ ಓದುವುದು, ಇನ್ನೊಬ್ಬರು ಸ್ಕ್ರೀನ್ ನೋಡಿ ತಾಳೆ ಹಾಕುವುದು. ತಪ್ಪು ತೀರಾ ಇಳಿಯಿತು, ವೇಗವೂ ಅರ್ಧಕ್ಕೆ ಇಳಿಯಿತು. ಒಬ್ಬರು ದಖ್ಖನಿ ಉರ್ದುವಿನಲ್ಲಿ "ಪೌಣೆ ದೋ ಸೌ" (ನೂರ ಎಪ್ಪತ್ತೈದು) ಅಂದರೆ ಕನ್ನಡದ ಹುಡುಗಿ ಇನ್ನೂರು ಒತ್ತುತ್ತಿದ್ದಳು. ಅಂಕಿ ಬಿಡಿಬಿಡಿಯಾಗಿ, ಒಂದು ಏಳು ಐದು, ಅಂತ ಓದಿಸಿದ ಮೇಲೆ ಸರಿಹೋಯಿತು. ಈಗ ಮರಾಠಿ ಬಿಟ್ಟು ಉಳಿದ ಕೈಬರಹದ ಬಿಲ್‌ಗೆ ಮಾತ್ರ ಈ ಜೋಡಿ ಪದ್ಧತಿ ಉಳಿದಿದೆ.

ಈಗ ಕ್ಲೇಮ್ ಒಂದಕ್ಕೆ ಖರ್ಚು ಆರೂವರೆ–ಏಳು ರೂಪಾಯಿ, ದರ ಒಂಬತ್ತು. ಬೀದರ್, ಸೊಲ್ಲಾಪುರ ಕಡೆಯಿಂದ ಬರುವ ಮರಾಠಿ ಕೈಬರಹದ ಬಿಲ್‌ಗಳಲ್ಲಿ ಮಷೀನ್ ದೇವನಾಗರಿ ಒಂದು–ಒಂಬತ್ತನ್ನು ಇನ್ನೂ ಅದಲುಬದಲು ಮಾಡುತ್ತದೆ. ಅವುಗಳಿಗೆ ಡಬಲ್ ಕೀಯಿಂಗೇ, ದರವೂ ಬೇರೆ, ಹದಿನಾಲ್ಕು.