ಹರಿದ ಸೀರೆ ಮೇಲೇ ಇರಲಿ: ನೆನಪಿನ ಕೌದಿಯ ನನ್ನ ಅನುಭವ

ಮೂರು ಮಳೆಗಾಲ ಕಳೆದ ಮೇಲೆ ನಾನು ಹೊಲಿದ ಒಂದು ಕೌದಿ (ಹಳೇ ಬಟ್ಟೆ ಪದರ ಪದರ ಸೇರಿಸಿ ಹೊಲಿದ ಹೊದಿಕೆ) ರಿಪೇರಿಗೆ ಅಂತ ವಾಪಸ್ ಬಂತು. ಒಂದು ಮೂಲೆಯನ್ನು ಇಲಿ ಕಡಿದಿತ್ತು. ಮೇಲಿನ ಸೀರೆ ತುಂಡುಗಳಿಗೆ ಮಾತ್ರ ಏನೂ ಆಗಿರಲಿಲ್ಲ. ಅದೇನು ಕಪಾಟಿನಲ್ಲಿ ಮಡಚಿಟ್ಟಿದ್ದ ಕೌದಿಯಲ್ಲ. ದಿನಾ ಹೊದ್ದಿದ್ದಾರೆ, ಮಕ್ಕಳು ಅದರ ಮೇಲೆ ಚಹಾ ಚೆಲ್ಲಿದ್ದಾರೆ, ಏಳೆಂಟು ಸಲವಾದರೂ ಒಗೆದಿದ್ದಾರೆ. ಹರಿದ ಸೀರೆ ಮೇಲೆ ಹಾಕಿದರೆ ನಿಲ್ಲಲ್ಲ ಅಂದವರಿಗೆಲ್ಲ ಒಯ್ದು ತೋರಿಸಿ ಬಂದೆ. ಈಗ ಧೈರ್ಯವಾಗಿ ಬರೆಯಬಹುದು.

ಕೌದಿ ಹೊಲಿಯೋದು ನಿಮಗೆ ಗೊತ್ತು ಅಂದುಕೊಂಡೇ ಬರೆಯುತ್ತಿದ್ದೇನೆ. ಜೀರ್ಣವಾದ ಧೋತರ, ಸೀರೆ ಎಲ್ಲ ಒಳಗೆ. ಇನ್ನೂ ಸ್ವಲ್ಪ ಜೀವ ಇರೋದು ಮೇಲೆ. ಅಂಚಿನಿಂದ ಶುರು ಮಾಡಿ ಸುತ್ತುತ್ತಾ ಸುತ್ತುತ್ತಾ ನಡುವಿಗೆ ಬರೋದು. ನೆನಪಿನ ಕೌದಿಯಲ್ಲಿ ಈ ಲೆಕ್ಕವೇ ತಲೆಕೆಳಗಾಗುತ್ತೆ. ಜನ ತೀರಿಹೋದ ಅವ್ವನ ಸೀರೆ ತರುತ್ತಾರೆ, ಅಜ್ಜ ತಲೆಗೆ ಸುತ್ತುತ್ತಿದ್ದ ಪಟಕಾ ತರುತ್ತಾರೆ, ಮಗುವಿನ ತಲೆಗೆ ಹಾಕುವ ಕುಂಚಿಗೆ ತರುತ್ತಾರೆ. ಅದು ಕಣ್ಣಿಗೆ ಕಾಣಬೇಕು, ಅಂದರೆ ಮೇಲೇ ಬರಬೇಕು. ಆದರೆ ಇಡೀ ಬಟ್ಟೆ ಗಂಟಿನಲ್ಲಿ ಎಲ್ಲಕ್ಕಿಂತ ಜಾಸ್ತಿ ಸವೆದು ಹಣ್ಣಾಗಿರೋದು ಅದೇ.

ನನಗೆ ಕೌದಿ ಕಲಿಸಿದ ಅಜ್ಜಿ ಗೊಂದಳಿಗ ಸಮುದಾಯದವರು. ಮನೆಮನೆಗೆ ಹೋಗಿ ಕೌದಿ ಹೊಲಿದು, ಕೂಲಿಗೆ ದುಡ್ಡು, ಜೋಳ ಎರಡೂ ತಂದವರು. ಗಂಟು ಬಿಚ್ಚಿ ನೋಡಿ, "ಹರಿದದ್ದು ಯಾರರ ಮ್ಯಾಲ ಹಾಕ್ತಾರೇನ ತಂಗಿ? ಒಳಗ ತುಂಬು, ಬೆಚ್ಚಗರ ಆಗತೈತಿ" ಅಂದರು. ಪಕ್ಕದ ಅಂಗಡಿಯ ಟೇಲರ್, "ಮಷಿನ್ ಮ್ಯಾಲ ಹೊಡದು ಕೊಡ್ರಿ ಅಕ್ಕಾರ, ಎರಡು ದಿನದ ಕೆಲಸ" ಅಂದ. ನಮ್ಮ ಮನೆಯವರು ಏನೂ ಅನ್ನಲಿಲ್ಲ. ಖರ್ಚಿನ ಪುಸ್ತಕ ಮಾತ್ರ ಟೇಬಲ್ ಮೇಲೆ ತೆರೆದಿಟ್ಟು ಹೋದರು.

ಮಷಿನ್ ಮಾಡಿ ನೋಡಿದ್ದೆ. ಹಳೇ ಇಳಕಲ್ ಸೆರಗಿನ ಮೇಲೆ ಮಷಿನ್ ಸೂಜಿ ಓಡಿದರೆ ಹೊಲಿಗೆ ಬೀಳಲ್ಲ, ತೂತಿನ ಸಾಲು ಬೀಳುತ್ತೆ. ಅಂಚೆಚೀಟಿ ಹರಿದ ಹಾಗೆ ಆ ಸಾಲಿನಲ್ಲೇ ಬಿಟ್ಟುಕೊಂಡು ಬಂತು. ಆಮೇಲೆ ಕಾಲರಿಗೆ ಹಾಕುವ, ಇಸ್ತ್ರಿ ಮಾಡಿದರೆ ಅಂಟಿಕೊಳ್ಳುವ ಕ್ಯಾನ್ವಾಸ್ ಹಿಂದೆ ಹಚ್ಚಿದೆ. ಮೊದಲ ದಿನ ಬಹಳ ಚೆಂದ. ಎರಡನೇ ಒಗೆತಕ್ಕೆ ಗುಳ್ಳೆ ಎದ್ದವು, ಮಡಿಕೆ ಬಿದ್ದ ಕಡೆ ಸೀರೆ ಸೀಳಿತು. ಬಟ್ಟೆ ಅಂಟು ಹಳದಿ ತಿರುಗಿ ಗಟ್ಟಿಯಾಯಿತು. ಅಕ್ಕಿ ಗಂಜಿ ಹಾಕಿ ಬಿಗಿ ಮಾಡಿದರೆ ಜಿರಲೆ ಬಂದು ತಿಂದವು, ಗಂಜಿಯ ಜೊತೆ ಸೀರೆಯನ್ನೂ. ಇದೆಲ್ಲ ನಮ್ಮ ಅವ್ವನ ಹಳೇ ಸೀರೆಗಳ ಮೇಲೆ ನಡೆದದ್ದು. ಗಿರಾಕಿ ಬಟ್ಟೆಯ ಮೇಲೆ ಯಾವತ್ತೂ ಪ್ರಯೋಗ ಮಾಡಬೇಡಿ. ಎಲ್ಲ ಸೇರಿ 12-13 ಸಾವಿರ ಹೋಗಿರಬೇಕು, ನನ್ನ ಕೂಲಿ ಹಿಡಿಯದೆ.

ದಾರಿ ಸಿಕ್ಕಿದ್ದು ಫ್ರಾಕ್ ಹೊಲಿಯುವ ನೆಟ್ ಬಟ್ಟೆಯಲ್ಲಿ. ಸಿಗೋದರಲ್ಲಿ ಬಹಳ ತೆಳುವಾದದ್ದು, ಸಣ್ಣ ಕಣ್ಣಿನದು, ನೈಲಾನ್. ಅದನ್ನು ತುಂಡಿನ ಮೇಲೆ ಹೊದಿಸಿದರೆ ಕೆಳಗಿನ ಸೀರೆ ಪೂರ್ತಿ ಕಾಣುತ್ತೆ, ಕೈಯಾಡಿಸಿದರೆ ಎಳೆ ಏಳಲ್ಲ. ಮ್ಯೂಸಿಯಂಗಳಲ್ಲೂ ಜೀರ್ಣವಾದ ಬಟ್ಟೆಗೆ ಹೀಗೇ ನೆಟ್ ಹೊದಿಸಿ ಕಾಪಾಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಆದರೆ ಅವರ ಬಟ್ಟೆ ಗಾಜಿನ ಪೆಟ್ಟಿಗೆಯಲ್ಲಿ ಇರುತ್ತೆ. ನನ್ನದನ್ನು ಹೊದ್ದು ಮಲಗುತ್ತಾರೆ.

ಕೆಳಗೆ ಮಲ್ ಬಟ್ಟೆ (ತೆಳುವಾದ ಹತ್ತಿ ಬಟ್ಟೆ), ಮೊದಲೇ ಎರಡು ಸಲ ಒಗೆದು ಕುಗ್ಗಿಸಿದ್ದು. ಅದರ ಮೇಲೆ ಸೀರೆ ತುಂಡು, ಎರಡರ ಎಳೆಯೂ ಒಂದೇ ದಿಕ್ಕಿಗೆ. ಎಳೆಯಬಾರದು, ಅಂಗೈಯಿಂದ ಸುಮ್ನೆ ಸವರಿ ಕೂರಿಸಬೇಕು. ಮೇಲೆ ನೆಟ್. ಸುತ್ತಲೂ ಸಣ್ಣ ಟಾಕಾ, ಅಂದರೆ ಕೈ ಹೊಲಿಗೆ. ಹೀಗೆ ತಯಾರಾದ ತುಂಡನ್ನು ಕೌದಿಯ ಮೇಲೆ ಕೂರಿಸೋದು. ಕೌದಿಯ ಸಾಲುಗಳು ಮಾಮೂಲಿಯಾಗಿ ಒಂದು ಬೆರಳಿಗೆ ಒಂದು. ಹಣ್ಣಾದ ತುಂಡಿನ ಮೇಲೆ ಬಂದಾಗ ಎರಡು ಬೆರಳಿಗೆ ಒಂದು ಮಾಡಿಕೊಳ್ಳುತ್ತೇನೆ. ಸೂಜಿ ಇಳಿಯೋದು ನೇಯ್ಗೆ ಗಟ್ಟಿ ಇರೋ ಕಡೆ ಮಾತ್ರ. ಸಾಲು ಸ್ವಲ್ಪ ಸೊಟ್ಟ ಆಗುತ್ತೆ, ಆಗಲಿ.

ಪಾಲಿಸ್ಟರ್ ದಾರ ಬೇಡ. ದಾರ ಬಟ್ಟೆಗಿಂತ ಗಟ್ಟಿ ಇದ್ದರೆ ಎಳೆತ ಬಿದ್ದಾಗ ಬಟ್ಟೆಯನ್ನೇ ಕೊಯ್ಯುತ್ತೆ. ಹರಿಯೋದಾದರೆ ದಾರ ಹರಿಯಲಿ, ಮತ್ತೆ ಹೊಲಿಯಬಹುದು. ಕಸೂತಿಗೆ ತರುವ ಹತ್ತಿ ದಾರದ ಆರು ಎಳೆಯಲ್ಲಿ ಎರಡೇ ಎಳೆ ತೆಗೆದುಕೊಳ್ಳುತ್ತೇನೆ.

ನೆಟ್‌ಗೆ ಒಂದು ಕೆಟ್ಟ ಹೊಳಪು ಇರುತ್ತೆ. ಬಿಳಿ ನೆಟ್ ಹಾಕಿದರೆ ಸೀರೆ ಮೇಲೆ ಮಂಜು ಕವಿದಂತೆ ಕಾಣುತ್ತೆ. ಕಪ್ಪು ಚಂದ್ರಕಾಳಿ ಸೀರೆಗೆ ಕಪ್ಪು ನೆಟ್ಟೇ ಸರಿ, ಕಣ್ಣಿಗೇ ಬೀಳಲ್ಲ. ಕೆಂಪು, ಹಸಿರಿಗೆ ನಾನು ನೆಟ್ ಅನ್ನು ಚಹಾ ಡಿಕಾಕ್ಷನ್‌ನಲ್ಲಿ ಕುದಿಸುತ್ತೇನೆ. ಡಿಕಾಕ್ಷನ್ ಜೊತೆ ಇನ್ನೊಂದು ಹಾಕುತ್ತೇನೆ, ಹೊಳಪು ಹೋಗೋದು ಅದರಿಂದ. ಅದೇನು ಅಂತ ಇಲ್ಲಿ ಬರೆಯಲ್ಲ. ಹೊಟ್ಟೆಪಾಡು, ಬೇಜಾರು ಮಾಡಿಕೊಳ್ಳಬೇಡಿ.

ಇಳಕಲ್ ಸೀರೆ ಬಗ್ಗೆ ಬೇರೆಯಾಗೇ ಹೇಳಬೇಕು. ನನಗೆ ಬರುವ ಗಂಟಿನಲ್ಲಿ ಅರ್ಧಕ್ಕಿಂತ ಜಾಸ್ತಿ ಅದೇ. ಒಡಲು ಹತ್ತಿ, ಸೆರಗು ರೇಷ್ಮೆ ಇಲ್ಲವೇ ಕೃತಕ ರೇಷ್ಮೆ, ಎರಡನ್ನೂ ಮಗ್ಗದ ಮೇಲೇ ಕೊಂಡಿ ಹಾಕಿ ಜೋಡಿಸಿರುತ್ತಾರೆ. ಒಡಲು ಕೂತು ಕೂತು ಸವೆದಿರುತ್ತೆ, ಸೆರಗು ಮಡಿಕೆಯಲ್ಲಿ ಸೀಳಿರುತ್ತೆ. ಜನಕ್ಕೆ ಬೇಕಾಗಿರೋದು ಟೋಪ್ ತೆನಿ, ಆ ಕೆಂಪಿನ ಮೇಲಿನ ಬಿಳಿ ಗೋಪುರದ ಸಾಲು. ಆಸೆಗೆ ಬಿದ್ದು ಸೆರಗಷ್ಟೇ ಕತ್ತರಿಸಬೇಡಿ. ಕೊಂಡಿ ಆಚೆ ನಾಲ್ಕು ಬೆರಳು ಒಡಲನ್ನೂ ಸೇರಿಸಿ ಕತ್ತರಿಸಿ. ಕತ್ತರಿ ಕೊಂಡಿಗೆ ತಾಗಿದರೆ ಕುಣಿಕೆ ಬಿಚ್ಚುತ್ತಾ ಹೋಗುತ್ತೆ, ಆಮೇಲೆ ದೇವರೇ ಬಂದರೂ ಹಿಡಿಯಕ್ಕಾಗಲ್ಲ. ದಡಿ, ಅಂದರೆ ಸೀರೆಯ ಅಂಚು, ಗಟ್ಟಿ ಇರುತ್ತೆ. ಗೋಮಿ ಅನ್ನೋ ಮಾದರಿಯ ದಡಿಯನ್ನಂತೂ ನೆಟ್ ಇಲ್ಲದೆ ಹಾಗೇ ಹಾಕಿ, ಕೌದಿಯ ಸುತ್ತ ಪಟ್ಟಿಗೆ ಅದಕ್ಕಿಂತ ಒಳ್ಳೇದು ಇಲ್ಲ.

ಬಣ್ಣ ಬಿಡೋದು ಇನ್ನೊಂದು ತಲೆನೋವು. ಉಪ್ಪು ನೀರಲ್ಲಿ ನೆನೆಸಿದರೆ ಬಣ್ಣ ನಿಲ್ಲುತ್ತೆ ಅಂತ ಎಲ್ಲರೂ ಹೇಳುತ್ತಾರೆ. ನನಗಂತೂ ನಿಲ್ಲಲಿಲ್ಲ. ಈಗ ಪ್ರತಿ ತುಂಡಿನ ಮೂಲೆಗೆ ಒದ್ದೆ ಬಿಳಿ ಬಟ್ಟೆ ಒತ್ತಿ ನೋಡುತ್ತೇನೆ. ಕೆಂಪು ಹತ್ತಿದರೆ ಆ ತುಂಡನ್ನು ಬಿಳಿ ಧೋತರದ ಪಕ್ಕ ಇಡೋದೇ ಇಲ್ಲ. ಒಗೆಯೋದು ಅಂಟುವಾಳದ ನೀರಲ್ಲಿ, ದೊಡ್ಡ ಬಾನಿಯಲ್ಲಿ. ತಳಕ್ಕೆ ಪ್ಲಾಸ್ಟಿಕ್ ಜಾಳಿಗೆ ಹಾಸಿ, ಎತ್ತುವಾಗ ಜಾಳಿಗೆ ಸಮೇತ ಎತ್ತುತ್ತೇನೆ. ನೆಂದ ಕೌದಿಯ ಭಾರ ನಿಮಗೆ ಗೊತ್ತಲ್ವಾ? ಹಗ್ಗದ ಮೇಲೆ ಹಾಕಿದರೆ ತನ್ನ ಭಾರಕ್ಕೇ ಹರಿಯುತ್ತೆ. ಮಾಳಿಗೆ ಮೇಲೆ ನೆರಳಲ್ಲಿ ಹಾಸಿಬಿಡಿ.

ಯಲ್ಲಾಪುರ, ಹಳಿಯಾಳ ಕಡೆಯ ಸಿದ್ದಿ ಸಮುದಾಯದ ಹೆಣ್ಣುಮಕ್ಕಳ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಾ? ನಾಲ್ಕು ಮೂಲೆಗೂ ಬಣ್ಣದ ಬಟ್ಟೆ ಮಡಚಿ ಫೂಲ, ಅಂದರೆ ಹೂವು, ಕೂರಿಸುತ್ತಾರೆ. ನನ್ನ ಕಣ್ಣಿಗೆ ಅದು ಬರೀ ಚೆಂದಕ್ಕಲ್ಲ. ಕೌದಿ ಮೊದಲು ಸವೆಯೋದು ಮೂಲೆಯಲ್ಲೇ, ಎತ್ತೋದು ಎಳೆಯೋದು ಎಲ್ಲ ಅಲ್ಲೇ. ಇಲಿ ಕಡಿದ ಮೂಲೆಗೆ ನಾನೂ ಫೂಲದ ಥರ ನಾಲ್ಕೈದು ಮಡಿಕೆ ಹಾಕಿದೆ. ಅವರಷ್ಟು ಚೆನ್ನಾಗಿ ಬಂದಿಲ್ಲ, ಗಟ್ಟಿ ಮಾತ್ರ ಇದೆ.

ಇನ್ನು ಪ್ರತಿ ಬಟ್ಟೆಯ ಹಿಂದಿನ ಕಥೆ. ಮೊದಮೊದಲು ಒಂದು ಕಾಗದದಲ್ಲಿ ಪ್ರಶ್ನೆ ಬರೆದು ಕೊಡುತ್ತಿದ್ದೆ. ಇದು ಯಾರದು, ಯಾವಾಗಿನದು, ಏನು ವಿಶೇಷ. "ಅಮ್ಮನ ಸೀರೆ, ಮದುವೆಯದು" ಅಂತ ಒಂದು ಸಾಲು ಬರುತ್ತಿತ್ತು. ಆ ಕಾಗದ ಬಿಟ್ಟೆ. ಈಗ ಮನೆಯ ಹಿರಿಯರನ್ನು ಕೂರಿಸಿ, ಸೀರೆ ಅವರ ತೊಡೆ ಮೇಲಿಟ್ಟು, ನಾನು ಸುಮ್ನೆ ಹಳೇ ಹೊಲಿಗೆ ಬಿಚ್ಚುತ್ತಾ ಕೂರುತ್ತೇನೆ. ಕೈ ಬಟ್ಟೆ ಮೇಲೆ ಆಡುತ್ತೆ, ಒಂದು ತೇಪೆ ಸಿಗುತ್ತೆ, ಮಾತು ಶುರುವಾಗುತ್ತೆ. ಹೀಗೆ ಕೂತಾಗಲೇ ಒಂದು ಮನೆಯಲ್ಲಿ ಅಕ್ಕತಂಗಿಯರಿಗೆ ಜಗಳ ಹತ್ತಿತು. ಅದು ಅವ್ವನ ಸೀರೆ ಅಂತ ಒಬ್ಬರು, ಅಲ್ಲ ಸೋದರತ್ತೆಯದು ಅಂತ ಇನ್ನೊಬ್ಬರು. ನಾನು ಇಬ್ಬರ ಮಾತನ್ನೂ ಕೌದಿಯಲ್ಲಿ ಹೊಲಿದುಕೊಟ್ಟೆ.

ಈ ಕಥೆಯನ್ನು ಎಲ್ಲಿ ಹೊಲಿಯೋದು? ಬಟ್ಟೆ ಪೆನ್ನಿನಲ್ಲಿ ಬರೆದದ್ದು ಒಗೆತಕ್ಕೆ ಹೋಯಿತು. ನಂಬರ್ ಹಾಕಿ ನೋಟ್‌ಬುಕ್ ಮಾಡಿಕೊಟ್ಟರೆ ನೋಟ್‌ಬುಕ್ ಕಳೆದುಹಾಕಿದರು. ಅದಕ್ಕೇ ಈಗ ಕಥೆ ಕೌದಿಯ ಬೆನ್ನಿಗೇ ಇರುತ್ತೆ. ಒಂದು ಗೇಣು ಅಗಲದ ಮಂಜರಪಾಟ್ (ಒರಟು ಹತ್ತಿ ಬಟ್ಟೆ) ಪಟ್ಟಿ, ಒಂದೇ ಅಂಚು ಹೊಲಿದು ಉಳಿದದ್ದು ಬಿಟ್ಟಿರುತ್ತೇನೆ. ಅದರ ಮೇಲೆ ಹಿರಿಯರ ಕೈಯಲ್ಲೇ ಪೆನ್ಸಿಲ್‌ನಿಂದ ಬರೆಸಿ, ಅದೇ ಗೆರೆಯ ಮೇಲೆ ಒಂದೆಳೆ ದಾರ ಓಡಿಸುತ್ತೇನೆ. ಒಬ್ಬ ಅಜ್ಜಿ "ಮಗಳ ಬಾಣಂತನಕ್ಕ ಉಟ್ಟದ್ದು" ಅಂತ ಬರೆದರು. ಕೈ ನಡುಗಿ "ಣಂ" ಕೆಳಗೆ ಜಾರಿತ್ತು, ಜಾರಿದ ಹಾಗೇ ಹೊಲಿದೆ. ಆ ಪಟ್ಟಿಗಿಂತ ಚೆನ್ನಾಗಿರೋದನ್ನು ನಾನು ಇನ್ನೂ ಹೊಲಿದಿಲ್ಲ. ತುಂಡಿನ ನಂಬರನ್ನು ಕಸೂತಿಯ ಗವಂತಿ ಹೊಲಿಗೆಯಲ್ಲಿ ಹಾಕುತ್ತೇನೆ, ಎರಡೂ ಬದಿ ಒಂದೇ ಥರ ಕಾಣುತ್ತೆ. ಅಕ್ಷರಕ್ಕೆ ಗವಂತಿ ಆಗಲ್ಲ. ಅದು ನೇರ ಗೆರೆಯ ಹೊಲಿಗೆ, ನಮ್ಮ ಅಕ್ಷರ ಎಲ್ಲಾ ಗುಂಡು.

ಮೊಬೈಲ್‌ನಲ್ಲಿ ಸ್ಕ್ಯಾನ್ ಮಾಡಿದರೆ ಅಜ್ಜಿಯ ದನಿಯೇ ಕೇಳಬೇಕು ಅಂತ ಮಗ ಕ್ಯೂಆರ್ ಕೋಡ್ ತೆಗೆದುಕೊಟ್ಟ. ಆ ಚೌಕಗಳನ್ನು ಕೈಯಲ್ಲಿ ಹೊಲಿದು ಕಣ್ಣು ಹೋದದ್ದೇ ಬಂತು, ಮೊಬೈಲ್ ಓದಲಿಲ್ಲ. ಬಟ್ಟೆ ಮೇಲೆ ಪ್ರಿಂಟ್ ಹಾಕಿಸಿದ್ದು ಓದಿತು. ಆದರೆ ಇನ್ನು ಇಪ್ಪತ್ತು ವರ್ಷಕ್ಕೆ ಆ ಲಿಂಕ್ ಯಾರು ಕಾಯುತ್ತಾರೆ? ಕೇಳಿದವರಿಗೆ ಹಾಕಿಕೊಡುತ್ತೇನೆ, ನಾನಾಗಿ ಹೇಳಲ್ಲ.

ಹಳೇ ಕೌದಿ ರಿಪೇರಿಗೆ ಬಂದರೆ ಪೂರ್ತಿ ಬಿಚ್ಚೋದೇ ಇಲ್ಲ. ಆ ಸಾಲುಗಳು ಹೊಲಿದವರ ಕೈ. ಒಂದು ಕೌದಿಯಲ್ಲಿ ಅರ್ಧದವರೆಗೆ ಟಾಕಾ ಜೋಳದ ಕಾಳಿನಷ್ಟು ಸಣ್ಣ, ಆಮೇಲೆ ಒಮ್ಮೆಗೇ ಉದ್ದುದ್ದ. ಕೇಳಿದರೆ ಅತ್ತೆ ಶುರು ಮಾಡಿದ್ದು, ಸೊಸೆ ಮುಗಿಸಿದ್ದು ಅಂದರು. ಅಂಥದ್ದನ್ನು ಬಿಚ್ಚಿದರೆ ಏನು ಉಳಿಯಿತು? ಹರಿದ ಕಡೆ ಅಕ್ಕಪಕ್ಕ ಒಂದು ಗೇಣು ಮಾತ್ರ ಬಿಚ್ಚಿ, ಒಳಗೆ ಮಲ್ ತೂರಿಸಿ, ಹಳೇ ತೂತುಗಳಲ್ಲೇ ಹೊಸ ದಾರ ಹಾಯಿಸುತ್ತೇನೆ. ನಿಧಾನದ ಕೆಲಸ. ಹೀಗೆ ಬಿಚ್ಚಿದಾಗ ಒಂದರ ಒಳಗೆ ಇನ್ನೊಂದು ಪುಟ್ಟ ಕೌದಿ ಸಿಕ್ಕಿತು, ತೊಟ್ಟಿಲಿಗೆ ಹಾಸುವ ಅಳತೆಯದು. ಮೂಲೆಯಲ್ಲಿ ಗುಳೇದಗುಡ್ಡದ ಖಣದ (ಕುಪ್ಪಸದ ಬಟ್ಟೆ) ಚೂರು, ಒಳಗೇ ಇದ್ದದ್ದಕ್ಕೆ ಬಣ್ಣ ಒಂಚೂರೂ ಹೋಗಿರಲಿಲ್ಲ. ಕೌದಿ ಕೊಟ್ಟ ಮನೆಯವರಿಗೆ ಫೋಟೋ ಕಳಿಸಿ, ಹಾಗೇ ಒಳಗಿಟ್ಟು ಹೊಲಿದೆ. ಹೊರಗೆ ತೆಗೆದುಕೊಡಿ ಅಂತ ಅವರು ಬಹಳ ಒತ್ತಾಯ ಮಾಡಿದರು. ಒಪ್ಪಲಿಲ್ಲ.

ನಡುವಿಗೆ ಬಂದು ಕೊನೆಯ ಸಾಲು ಮುಚ್ಚುವ ಮುಂಚೆ ನನಗೆ ಕಲಿಸಿದ ಅಜ್ಜಿ ಒಂದು ಚೂರು ರೊಟ್ಟಿ ಒಳಗೆ ಇಡಿಸುತ್ತಿದ್ದರು, ಕೌದಿಯ ಹೊಟ್ಟೆ ಖಾಲಿ ಇರಬಾರದು ಅಂತ. ಇಲಿ ಕಾಟ ನೋಡಿದ ಮೇಲೆ ನಾನು ಅಲ್ಲಿ ಬಿಳಿ ದಾರದಲ್ಲಿ ಗುಂಡಗೆ ಒಂದು ಸಣ್ಣ ರೊಟ್ಟಿ ಹೊಲಿಯುತ್ತಿದ್ದೇನೆ. ಅಜ್ಜಿ ಇದನ್ನು ಇನ್ನೂ ಒಪ್ಪಿಲ್ಲ.

ದುಡ್ಡಿನ ಮಾತು. ಮೊದಲನೆಯದನ್ನು 3,000ಕ್ಕೆ ಒಪ್ಪಿಕೊಂಡಿದ್ದೆ. ಜೊತೆಗೆ ಹೊಲಿಯಲು ಬಂದವರ ಕೂಲಿಗೇ ಅದು ಸಾಲಲಿಲ್ಲ. ಈಗ ನಾಲ್ಕು ಅಡಿಗೆ ಆರು ಅಡಿಯದಕ್ಕೆ 9,500 ಹೇಳುತ್ತೇನೆ. ಮಲ್, ನೆಟ್, ದಾರ ಸೇರಿ ಸಾವಿರದ ಹತ್ತಿರ. ಕೂಲಿ 5,500ರಿಂದ 6,000. ಕೈಯಲ್ಲಿ ಎರಡೂವರೆ ಸಾವಿರ ಉಳಿದರೆ ಪುಣ್ಯ. ರಿಪೇರಿ ಗೇಣಿನ ಲೆಕ್ಕ, ಗೇಣಿಗೆ 150. ಅರ್ಧ ದುಡ್ಡು ಮೊದಲೇ ತೆಗೆದುಕೊಳ್ಳಿ, ಸಂಕೋಚ ಬೇಡ. ತಮ್ಮ ಮನೆಯ ಅಜ್ಜಿ ತೀರಿಕೊಂಡ ವಾರದಲ್ಲಿ ಆರ್ಡರ್ ಕೊಟ್ಟವರು ಮೂರು ತಿಂಗಳಿಗೆ ಫೋನ್ ಎತ್ತಲ್ಲ. ಹಾಗೆ ಉಳಿದ ಎರಡು ಗಂಟು ನನ್ನ ಅಟ್ಟದ ಮೇಲೆ ಈಗಲೂ ಇವೆ. ಬೇರೆಯವರ ಬಟ್ಟೆ, ಕತ್ತರಿ ಹಾಕಕ್ಕೂ ಆಗಲ್ಲ, ಬಿಸಾಡಕ್ಕೂ ಆಗಲ್ಲ.

ಸದ್ಯ ಕೈಯಲ್ಲಿರೋದು ಪೂರ್ತಿ ನೈಲಾನ್ ಸೀರೆಗಳ ಗಂಟು. ಹರಿಯೋ ಭಯವೇ ಇಲ್ಲ, ಆದರೆ ಜಾರುತ್ತೆ, ಟಾಕಾ ಕೂರಲ್ಲ, ಕೆಳಗಿನ ಹತ್ತಿ ಪದರ ಕುಗ್ಗಿದಾಗ ಇದು ಉಬ್ಬುತ್ತೆ. ಎರಡರ ನಡುವೆ ಹಳೇ ಟವೆಲ್ ಹಾಕಿ ನೋಡುತ್ತಿದ್ದೇನೆ, ಸ್ವಲ್ಪ ಹಿಡಿದುಕೊಂಡಿದೆ. ನಿಮ್ಮಲ್ಲಿ ಯಾರಾದರೂ ನೈಲಾನ್ ಮೇಲೆ ಕೈ ಹೊಲಿಗೆ ನಿಲ್ಲಿಸಿದ್ದರೆ ಹೇಳಿ. ಚಹಾಕ್ಕೆ ಏನು ಹಾಕುತ್ತೇನೆ ಅಂತ ಆಗ ನಾನೂ ಹೇಳುತ್ತೇನೆ.