ಮುತ್ತುಗದ ಮರದ ಬಳಿ ಒಂದು ಬೆಳಗು: ಬಾದಾಮಿ ಗುಡ್ಡದಲ್ಲಿ ಬೇಸಿಗೆಯ ಜೀವಲೋಕವನ್ನು ನೋಡುವ ಬಗೆ

ಬಾದಾಮಿಯಿಂದ ಮರಳುಗಲ್ಲಿನ ಗುಡ್ಡಗಳನ್ನು ಹಾಯ್ದು ಮಹಾಕೂಟಕ್ಕೆ ಹೋಗುವ ಹಳೆಯ ಕಾಲುದಾರಿಯನ್ನು ಬೇಸಿಗೆಯಲ್ಲಿ ಕಂಡವರು ಅದನ್ನು ಬರಡೆಂದು ತಿಳಿಯುವುದು ಸಹಜ. ಆದರೆ ಹುಲ್ಲು ಒಣಗಿ ಎಲೆ ಉದುರಿದ ಈ ಹೊತ್ತಿನಲ್ಲೇ ಮುತ್ತುಗ, ಅಂಕೋಲೆಯಂಥ ಮರಗಳು ಬರಿಯ ಕೊಂಬೆಗಳಲ್ಲಿ ಹೂ ಬಿಡುತ್ತವೆ. ಮರೆಮಾಡುವ ಎಲೆಗಳಿಲ್ಲದ ಕಾರಣ ಹೂವು ಹಕ್ಕಿಗೆ ದೂರದಿಂದಲೇ ಕಾಣುತ್ತದೆ, ಹೂವಿಗೆ ಬಂದ ಹಕ್ಕಿ ನಮಗೂ ಕಾಣುತ್ತದೆ. ಆದ್ದರಿಂದ ಈ ಕಾಲದಲ್ಲಿ ದಾರಿ ಸವೆಸುವುದಕ್ಕಿಂತ ಹೂಬಿಟ್ಟ ಒಂದು ಮರವನ್ನು ಆರಿಸಿಕೊಂಡು ಅದರ ಸಮೀಪ ಕೂರುವುದೇ ಮೇಲೆಂಬುದು ನನ್ನ ದೃಢವಾದ ಅಭಿಪ್ರಾಯ.

ಮೊದಲು ಕಾಲವನ್ನು ಗೊತ್ತುಮಾಡಿಕೊಳ್ಳಬೇಕು. ಹೋಳಿ ಹುಣ್ಣಿಮೆಯ ಆಸುಪಾಸಿನಲ್ಲಿ ಮುತ್ತುಗ, ಯುಗಾದಿಯ ಹೊತ್ತಿಗೆ ಬೇವು, ಬಸವ ಜಯಂತಿ ಸಮೀಪಿಸುವಾಗ ಕಕ್ಕೆ ಹೂವಿನಲ್ಲಿರುತ್ತವೆ. ದಾರಿ ಬದಿಯ ಎಕ್ಕೆಗೆ ಕಾಲದ ಹಂಗಿಲ್ಲ. ಬೆಳಗಿನ 6 ಗಂಟೆಗೆ ಗುಡ್ಡದ ಬುಡದಲ್ಲಿದ್ದು, 10 ಗಂಟೆಯೊಳಗೆ ಇಳಿದುಬಿಡುವುದು ಕ್ಷೇಮ, ಏಕೆಂದರೆ ಕಲ್ಲು ಕಾದ ಮೇಲೆ ಹಕ್ಕಿಗಳೂ ನೆರಳಿಗೆ ಸೇರಿಕೊಳ್ಳುತ್ತವೆ. ತಲಾ 2 ಲೀಟರ್ ನೀರು, ಟೋಪಿ, ಪಾದ ಮುಚ್ಚುವ ಬೂಟು, ಟಿಪ್ಪಣಿ ಪುಸ್ತಕ ಇದ್ದರೆ ಸಾಕು. ದುರ್ಬೀನು ಕೊಳ್ಳುವವರು 8 ಪಟ್ಟು ಹಿಗ್ಗಿಸುವ, 42 ಮಿಲಿಮೀಟರ್ ಮಸೂರದ ದುರ್ಬೀನನ್ನು ಆರಿಸಬಹುದು.

ಮರದಿಂದ ಹದಿನೈದು ಇಪ್ಪತ್ತು ಹೆಜ್ಜೆ ದೂರದಲ್ಲಿ, ಬಿಸಿಲು ಬೆನ್ನಿಗೆ ಬೀಳುವಂತೆ, ಪೂರ್ವಕ್ಕೆ ಬೆನ್ನು ಮಾಡಿ ಕುಳಿತುಕೊಳ್ಳಿ. ಎದುರು ಬಿಸಿಲಿನಲ್ಲಿ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ. ಕೂರುವ ಮುಂಚೆ ನೆಲಕ್ಕೆ ಬಿದ್ದ ಒಂದು ಮುತ್ತುಗದ ಹೂವನ್ನು ಎತ್ತಿ ನೋಡಿ: ಕಪ್ಪುಹಸಿರು ಮಖಮಲ್ಲಿನಂಥ ಪುಷ್ಪಪಾತ್ರೆಯಿಂದ ಐದು ಕಿತ್ತಳೆ ದಳಗಳು ಹೊರಟಿರುತ್ತವೆ, ಅವುಗಳಲ್ಲಿ ಗಿಳಿಯ ಕೊಕ್ಕಿನಂತೆ ಬಾಗಿದ ಎರಡು ದಳಗಳು ಕೂಡಿಕೊಂಡು ಹತ್ತು ಕೇಸರಗಳನ್ನು ಒಳಗೆ ಮುಚ್ಚಿಟ್ಟಿರುತ್ತವೆ. ಸೂರಕ್ಕಿ ಮಕರಂದಕ್ಕಾಗಿ ಕೊಕ್ಕು ಚಾಚಿ ಆ ಭಾಗವನ್ನು ಅದುಮಿದಾಗ ಕೇಸರಗಳು ಹೊರಬಂದು ಅದರ ಮೈಗೆ ಪರಾಗ ಅಂಟಿಸುತ್ತವೆ. ಎಲ್ಲ ಅತಿಥಿಗಳೂ ಹೀಗೆ ಎದುರಿನಿಂದ ಬರುವುದಿಲ್ಲ; ಕೆಲವು ಹೂವಿನ ಬುಡವನ್ನು ಸೀಳಿ, ಪರಾಗ ಸೋಕಿಸಿಕೊಳ್ಳದೆಯೇ ಮಕರಂದ ಹೀರುತ್ತವೆ. ಗೊರವಂಕ, ಕಾಜಾಣ, ಪಿಕಳಾರ, ಇಣಚಿ ಇವುಗಳಲ್ಲಿ ಯಾವುದು ಯಾವ ಬದಿಯಿಂದ ಬಾಯಿ ಹಾಕುತ್ತದೆ, ಯಾವುದು ಯಾವುದನ್ನು ಓಡಿಸುತ್ತದೆ ಎಂಬುದನ್ನು ಗಮನಿಸುವುದೇ ಈ ಬೆಳಗಿನ ಮುಖ್ಯ ಕೆಲಸ. ಇದಕ್ಕೆ ಒಂದು ಗಂಟೆಯನ್ನಾದರೂ ಕೊಡಿ.

ಬಿಸಿಲೇರಿದಂತೆ ಕಣ್ಣನ್ನು ಬಂಡೆಗಳತ್ತ ತಿರುಗಿಸಿ. ಕಲ್ಲಿನ ಮೇಲೆ ಮೈ ಕಾಯಿಸುವ ಬಂಡೆ ಓತಿಕ್ಯಾತದ ಗಂಡು ಬೆದೆಯ ಕಾಲದಲ್ಲಿ ಕೆಂಪು, ಕಪ್ಪು ಬಣ್ಣ ತಾಳುತ್ತದೆ. ಬಯಲಿನಲ್ಲಿ ಟಿಟ್ಟಿಭ ಹಕ್ಕಿ ತಲೆಯ ಮೇಲೆ ಸುತ್ತುತ್ತ ಕೂಗಿದರೆ, ಹತ್ತಿರದಲ್ಲೇ ಹರಳುಗಳ ನಡುವೆ ಅದರ ಮೊಟ್ಟೆಗಳೋ ಮರಿಗಳೋ ಇರಬಹುದೆಂದು ತಿಳಿದು, ಹುಡುಕಾಡದೆ, ಬಂದ ಹೆಜ್ಜೆಯಲ್ಲೇ ಹಿಂದೆ ಸರಿಯಬೇಕು. ತಾಯಿಹಕ್ಕಿ ದೂರವಿದ್ದಷ್ಟು ಹೊತ್ತೂ ಮೊಟ್ಟೆ ಬಿಸಿಲಿಗೆ ಬೇಯುತ್ತದೆ. ಒಂದು ಚಿತ್ರಕ್ಕಾಗಿ ಅಷ್ಟು ಬೆಲೆ ತೆರಿಸುವುದು ಸಲ್ಲದು.

ನಮ್ಮ ಎಚ್ಚರವೂ ಬೇಕು. ಕಡಿದಾದ ಬಂಡೆಗಳ ಮುಂಚಾಚಿನಡಿ ಹೆಜ್ಜೇನು ಕಟ್ಟಿರುವುದುಂಟು. ಅಲ್ಲಿ ಹೊಗೆ, ಸುಗಂಧದ್ರವ್ಯ, ಗದ್ದಲ ಕೂಡದು. ಕಲ್ಲು ಮಗುಚಬೇಡಿ, ಸಂದಿಗೆ ಕೈ ಹಾಕಬೇಡಿ, ಗರಗಸ ಮಂಡಲವೆಂಬ ವಿಷದ ಹಾವಿಗೆ ಇಂಥ ಒಣ ಕಲ್ಲುನೆಲವೇ ಮನೆ. ಮಂಗಗಳ ಎದುರು ತಿಂಡಿಯ ಪೊಟ್ಟಣ ಬಿಚ್ಚದಿರಿ.

ಕಂಡದ್ದನ್ನು ಅಲ್ಲೇ ಬರೆದಿಡಿ: ದಿನಾಂಕ, ಗಂಟೆ, ಮರ, ಹಕ್ಕಿ, ಅದು ಮಾಡಿದ ಕೆಲಸ. ಹೆಸರು ತಿಳಿಯದಿದ್ದರೆ ಕೊಕ್ಕು, ಬಾಲ, ಬಣ್ಣಗಳನ್ನು ಗೀಚಿಕೊಂಡು ಮನೆಯಲ್ಲಿ ಹೊಂದಿಸಿ ನೋಡಬಹುದು. ವಾರಕ್ಕೊಮ್ಮೆ ಅದೇ ಮರಕ್ಕೆ ಹೋಗಿ ಮೊಗ್ಗು, ಹೂ, ಕಾಯಿ, ಚಿಗುರು ಎಷ್ಟೆಷ್ಟಿವೆ ಎಂದು ದಾಖಲಿಸುತ್ತ ಬಂದರೆ, ಮುತ್ತುಗದ ಚಪ್ಪಟೆ ಕಾಯಿಯ ತುದಿಯಲ್ಲಿ ಒಂದೇ ಒಂದು ಬೀಜ ಬಲಿಯುವುದನ್ನೂ ನೋಡಬಹುದು. ಮರಗಳ ಋತುಚಕ್ರವನ್ನು ಗಮನಿಸುವ ಸೀಸನ್‌ವಾಚ್ ಎಂಬ ನಾಗರಿಕ ವಿಜ್ಞಾನ ಕಾರ್ಯಕ್ರಮಕ್ಕೆ ಶಾಲಾ ಮಕ್ಕಳೂ ಇಂಥ ದಾಖಲೆಗಳನ್ನು ಸೇರಿಸಬಹುದು.